ಕೊಬ್ಬರಿಯೇ ಕಾಪ್ರಾ!

ಹೊನ್ನಾವರ ತಾಲ್ಲೂಕಿನ ಶರಾವತಿ ದಂಡೆಯಲ್ಲೊಂದು ಮನೆ. ಹತ್ತನೆಯ ತರಗತಿಯ ಹುಡುಗಿ ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾಗಿ, ಇನ್ನು ಶಾಲೆಯೇ ಬೇಡ ಎನ್ನುತ್ತಿದ್ದಳು. ತಾಯಿ ಓದಿದ್ದು ನಾಲ್ಕನೇ ಇಯತ್ತೆ. ಮಗಳ ಇಂಗ್ಲಿಷ್ ಪುಸ್ತಕದ ಹತ್ತಿರ ಕುಳಿತುಕೊಳ್ಳಲೂ ಆಕೆಗೆ ಸಂಕೋಚ.

ಒಂದು ಸಂಜೆ ಹುಡುಗಿ ಶಬ್ದಾರ್ಥ ಉರುಹೊಡೆಯುತ್ತಿದ್ದಳು: ‘ಕಾಪ್ರಾ ಎಂದರೆ ಒಣಗಿಸಿದ ತೆಂಗಿನಕಾಯಿಯ ತಿರುಳು...’ ಅಂಗಳದಲ್ಲಿ ಒಣಹಾಕಿದ್ದನ್ನು ಬುಟ್ಟಿಗೆ ತುಂಬುತ್ತಿದ್ದ ತಾಯಿ ತಲೆಯೆತ್ತಿದಳು. ‘ಅದು ಕೊಬ್ಬರಿ ಅಲ್ಲವೇನೆ?’

ಹೌದು, ಅದೇ. ಮಲಯಾಳದ ‘ಕೊಪ್ಪರ’ ಪೋರ್ಚುಗೀಸರ ಬಾಯಿಗೆ ಬಿದ್ದು ಇಂಗ್ಲಿಷಿನಲ್ಲಿ ಕಾಪ್ರಾ ಆಯಿತು. ನಮ್ಮ ಕೊಬ್ಬರಿ ಅದರ ಒಡಹುಟ್ಟು. ಅಡಿಕೆಯ ಅರಿಕಾ, ಹಲಸಿನ ಜ್ಯಾಕ್, ನಾರಿನ ಕಾಯರ್ ಇವೂ ಮಲಯಾಳದ ತೀರದಿಂದಲೇ ಹಡಗು ಹತ್ತಿದವು. ಪೆಪ್ಪರ್ ಇನ್ನೂ ಹಳೆಯದು. ಸಂಸ್ಕೃತದ ಪಿಪ್ಪಲಿ ಗ್ರೀಕ್, ಲ್ಯಾಟಿನ್ ದಾಟಿ ಇಂಗ್ಲಿಷಿಗೆ ಹೋಯಿತು. ಕನ್ನಡದಲ್ಲಿ ಹಿಪ್ಪಲಿಯಾಗಿ ಉಳಿಯಿತು. ಇದೇ ತಾಲ್ಲೂಕಿನ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು 16ನೇ ಶತಮಾನದ ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು.

ಮಾನ್ಸೂನ್ ಅರಬ್ಬಿಯ ‘ಮೌಸಿಮ್’. ಎಂದರೆ ಋತು. ಭಟ್ಕಳದ ಉರ್ದು ಬಲ್ಲ ಮನೆಗಳಲ್ಲಿ ಹವೆಗೆ ಹೇಳುವ ಮೌಸಮ್ ಕೂಡ ಅದೇ ಮೂಲದ್ದು. ಇನ್ನು ಕುಮಟಾ ಎಂಬ ಊರ ಹೆಸರೇ ಇಂಗ್ಲಿಷರ ವ್ಯಾಪಾರದ ಶಬ್ದವಾಗಿತ್ತು! 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಾಲದಾಯಿತು. ಧಾರವಾಡದ ಕಡೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂತು. ಹತ್ತಿ ಬೆಳೆದ ಊರು ಬೇರೆ, ಅದಕ್ಕೆ ಹೆಸರು ಕೊಟ್ಟದ್ದು ಬಂದರು.

ಹಾಗೆಂದು ಕಂಡದ್ದೆಲ್ಲ ನಮ್ಮದೆಂದು ಬೀಗಬೇಕಿಲ್ಲ. ನಮ್ಮ ಗುಡ್ಡದ ಗೇರುಮರವೂ ಅದರ ಕ್ಯಾಶ್ಯೂ ಎಂಬ ಹೆಸರೂ ಬ್ರೆಜಿಲಿನಿಂದ ಹೊರಟವು. ಹೆಸರಿನ ಮೂಲ ಅಲ್ಲಿನ ತುಪಿ ಭಾಷೆ. ಆದ್ದರಿಂದ ಊಹಿಸಿದ ಮೇಲೆ ನಿಘಂಟು ತೆರೆದು ನೋಡಲೇಬೇಕು.

ಪಾಲಕರು ಗಮನಿಸಬೇಕಾದದ್ದು ಇಷ್ಟೆ. ಕಾಗುಣಿತ ಶಾಲೆಯಲ್ಲಿ ಕಲಿಯುವಂಥದ್ದು, ನಿಜ. ಆದರೆ ಅರ್ಥ ಎಷ್ಟೋ ಸಲ ಅಂಗಳದಲ್ಲೇ ಇರುತ್ತದೆ. ಅದನ್ನು ಹೇಳಿಕೊಡಲು ಇಂಗ್ಲಿಷ್ ಬರಬೇಕೆಂದಿಲ್ಲ, ಮಗುವಿನ ಹತ್ತಿರ ಕುಳಿತರೆ ಸಾಕು.

ಆ ಹುಡುಗಿಗೆ ಒಂದೇ ರಾತ್ರಿಯಲ್ಲಿ ಇಂಗ್ಲಿಷ್ ಬಂದುಬಿಡಲಿಲ್ಲ. ಆದರೆ ಮರುದಿನ ಚೀಲ ಹೆಗಲಿಗೇರಿತು. ಸಂಜೆ ದೀಪ ಹಚ್ಚಿದ ಮೇಲೆ ತಾಯಿ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಬಂದು ಕುಳಿತಳು.

‘ಮುಂದಿನ ಶಬ್ದ ಯಾವುದೇ?’