ಟೆಕ್ಸಾಸಿನಲ್ಲಿ ಎರಡು ಹೂರಣ

ಪರದೇಶಕ್ಕೆ ಹೋಗಿ ಬಂದವರು ಅಲ್ಲಿಯ ಎತ್ತರದ ಕಟ್ಟಡಗಳನ್ನೂ ದೊಡ್ಡ ಸೇತುವೆಗಳನ್ನೂ ವರ್ಣಿಸುವುದು ವಾಡಿಕೆ. ನಾನು 2023ರಲ್ಲಿ ಎರಡು ತಿಂಗಳು ಅಮೆರಿಕದಲ್ಲಿದ್ದೆನಾದರೂ ಚೆನ್ನಾಗಿ ಕಂಡದ್ದು ಒಂದು ಅಡಿಗೆಮನೆಯನ್ನು ಮಾತ್ರ. ಆದುದರಿಂದ ಅದನ್ನೇ ಬರೆಯುತ್ತೇನೆ. ಓದುಗರು ಮನ್ನಿಸಬೇಕು.

ನನ್ನ ಮಗನ ಮನೆಯಿರುವುದು ಟೆಕ್ಸಾಸಿನ ಸೆಗೀನ್ ಎಂಬ ಊರಿನಲ್ಲಿ. ಸ್ಯಾನ್ ಆಂಟೋನಿಯೊ ನಗರದಿಂದ ಪೂರ್ವಕ್ಕೆ ಸುಮಾರು 35 ಮೈಲಿ. ಊರನ್ನು ಸವರಿಕೊಂಡು ಗ್ವಾಡಲೂಪೆ ನದಿ ಹರಿಯುತ್ತದೆ. ಅದರ ದಡದಲ್ಲಿ ಪೆಕಾನ್ ಎಂಬ ದೊಡ್ಡ ಮರಗಳು. ಪೆಕಾನ್ ಎಂದರೆ ನಮ್ಮ ಅಕ್ರೋಟಿನ ದಾಯಾದಿ. ಒಳಗಿನ ತಿರುಳು ಅದರಂತೆಯೇ ಎರಡು ಹೋಳು. ಆದರೆ ಕಾಯಿ ನೀಳ, ಚಿಪ್ಪು ನಯ, ರುಚಿಯಲ್ಲಿ ಒಗರು ಕಡಿಮೆ. ನವೆಂಬರಿನಲ್ಲಿ ಅದು ಉದುರತೊಡಗಿದರೆ ಮುದುಕರೂ ಮಕ್ಕಳೂ ಚೀಲ ಹಿಡಿದು ಮರದ ಕೆಳಗೆ ಬಗ್ಗಿ ಆರಿಸುತ್ತಾರೆ. ನಮ್ಮೂರಿನಲ್ಲಿ ಹುಣಿಸೆಹಣ್ಣು ಆರಿಸುತ್ತಿದ್ದುದು ನನಗೆ ನೆನಪಾಯಿತು.

ಈ ಕಾಯಿಯ ಮೇಲೆ ಆ ಊರಿಗೆ ಎಷ್ಟು ಅಭಿಮಾನವೆಂದರೆ, ಕಚೇರಿಯ ಮುಂದೆ ಐದು ಅಡಿ ಉದ್ದದ ಪೆಕಾನ್ ಪ್ರತಿಮೆಯೊಂದನ್ನು 1962ರಲ್ಲಿ ನಿಲ್ಲಿಸಿದ್ದಾರೆ. ನಾಯಕರಿಗೆ ಪ್ರತಿಮೆ ಕಂಡಿದ್ದೆ, ಕಾಯಿಗೆ ಕಂಡದ್ದು ಅದೇ ಮೊದಲು. 1528ರಲ್ಲಿ ಹಡಗು ಒಡೆದು ಟೆಕ್ಸಾಸಿನ ತೀರಕ್ಕೆ ಬಿದ್ದ ಕಬೇಸಾ ದೆ ವಾಕಾ ಎಂಬ ಸ್ಪೇನಿನವನು, ಅಲ್ಲಿಯ ಮೂಲನಿವಾಸಿಗಳು ಋತು ಬಂದಾಗ ನದಿಯ ದಡಕ್ಕೆ ಬಂದು ಈ ಕಾಯಿಯನ್ನೇ ತಿಂದು ಬದುಕುತ್ತಿದ್ದುದನ್ನು ಬರೆದಿದ್ದಾನೆ. ಟೆಕ್ಸಾಸಿನ ಗವರ್ನರ್ ಆಗಿದ್ದ ಜೇಮ್ಸ್ ಹಾಗ್ ಎಂಬಾತ 1906ರಲ್ಲಿ ಸಾಯುವ ಮೊದಲು, ತನ್ನ ಸಮಾಧಿಯ ತಲೆಯ ಕಡೆ ಪೆಕಾನ್ ಮರ ನೆಡಬೇಕು, ಅದರ ಕಾಯಿಗಳನ್ನು ನೆಡುವುದಕ್ಕೆಂದು ಸಾಮಾನ್ಯ ಜನರಿಗೆ ಹಂಚಬೇಕು ಎಂದು ಕೇಳಿಕೊಂಡನಂತೆ. 1919ರಲ್ಲಿ ಅದು ರಾಜ್ಯದ ಮರವಾಯಿತು. ಆದರೆ ಈ ಮರಕ್ಕೆ ಯಶಸ್ವಿಯಾಗಿ ಕಸಿ ಕಟ್ಟಿ ಒಳ್ಳೆಯ ತಳಿಯನ್ನು ಉಳಿಸಿಕೊಟ್ಟವನು ಲೂಯಿಸಿಯಾನದ ಒಂದು ತೋಟದ ಗುಲಾಮ. ಕಾಲ 1846ರ ಸುಮಾರು, ಹೆಸರು ಅಂಟ್ವಾನ್. ಹೆಸರಿನ ಮುಂದೆ ಮನೆತನವಿಲ್ಲ.

ನಾನು ಹೋದ ಕಾಲಕ್ಕೆ ಅಲ್ಲಿಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಹತ್ತಿರವಾಗಿತ್ತು. 1621ರಲ್ಲಿ ಪ್ಲಿಮತ್ ಎಂಬಲ್ಲಿ, ಇಂಗ್ಲೆಂಡಿನಿಂದ ವಲಸೆ ಬಂದವರು ಮೊದಲ ಸುಗ್ಗಿಯ ಊಟವನ್ನು ಅಲ್ಲಿಯ ವಾಂಪನೋಗ್ ಜನರೊಡನೆ ಉಂಡರೆಂಬುದು ಅದರ ಹಿನ್ನೆಲೆ. ಆ ಮೂಲನಿವಾಸಿಗಳ ವಂಶದವರು 1970ರಿಂದ ಅದೇ ದಿನವನ್ನು ಶೋಕದ ದಿನವೆಂದು ಆಚರಿಸುತ್ತಾರೆಂಬುದನ್ನೂ ಹೇಳಬೇಕು. 1863ರಲ್ಲಿ ಲಿಂಕನ್ ದೇಶಕ್ಕೆಲ್ಲ ಈ ಹಬ್ಬವನ್ನು ಸಾರಿದ. 1941ರಲ್ಲಿ ನವೆಂಬರಿನ ನಾಲ್ಕನೆಯ ಗುರುವಾರ ಎಂದು ಕಾನೂನಾಯಿತು. ನಾನಿದ್ದ ವರ್ಷ ಅದು 23ನೆಯ ತಾರೀಖು ಬಂದಿತು.

ಇನ್ನು ಮನೆಯ ವಿಷಯ. ನನ್ನ ಸೊಸೆ ಆ ದೇಶದವಳು. ಅವರ ಮದುವೆಗೆ ನಾನು ಹೋಗಿರಲಿಲ್ಲ. ವೀಸಾ ಸಿಗಲಿಲ್ಲವೆಂದು ಎಲ್ಲರಿಗೂ ಹೇಳಿದ್ದೆ. ನಾನು ಅರ್ಜಿಯನ್ನೇ ಹಾಕಿರಲಿಲ್ಲ. ನಾಲ್ಕು ವರ್ಷದ ಮೇಲೆ ಹೋದಾಗಲೂ ಅವಳ ಅಡಿಗೆಮನೆಗೆ ಕಾಲಿಡಲು ಸಂಕೋಚ. ಅವಳು ‘ಅಮ್ಮ’ ಎಂದು ಕರೆಯುವಳು, ನಾನು ‘ಹೂಂ’ ಎನ್ನುವೆನು. ಹದಿನೈದು ದಿನ ಹೀಗೇ ಕಳೆಯಿತು.

ಅವಳ ತಂದೆ ಟೆಕ್ಸಾಸಿನವರು, ತಾಯಿ ಇಲಿನಾಯ್‌ನವರು. ಟೆಕ್ಸಾಸಿನವರಿಗೆ ಹಬ್ಬವೆಂದರೆ ಪೆಕಾನ್ ಪೈ. ಜೋಳದ ಸಿಹಿಪಾಕದಲ್ಲಿ ಈ ಕಾಯಿ ಹಾಕಿ ಬೇಯಿಸಿದ್ದು. ಇಲಿನಾಯ್‌ನವರಿಗೆ ಕುಂಬಳದ ಪೈ. ಡಬ್ಬಿಗೆ ತುಂಬುವ ಕುಂಬಳ ಹೆಚ್ಚಾಗಿ ಬೆಳೆಯುವುದು ಆ ಸೀಮೆಯಲ್ಲೇ. ಈ ಪೈಗೂ ವಯಸ್ಸಾಗಿದೆ. 1796ರಲ್ಲಿ ಅಮೀಲಿಯಾ ಸಿಮನ್ಸ್ ಎಂಬಾಕೆ ಅಚ್ಚು ಹಾಕಿಸಿದ ಅಡಿಗೆಯ ಪುಸ್ತಕದಲ್ಲಿ ಅದರ ಕ್ರಮವಿದೆ. ಬೀಗರಿಗೂ ಬೀಗಿತಿಗೂ ಪ್ರತಿ ವರ್ಷ ಇದೇ ಜಗಳ. ಮಗಳು ಅದಕ್ಕೊಂದು ಉಪಾಯ ಹೂಡಿದ್ದಳು: ಒಂದೇ ಪೈಯಲ್ಲಿ ಕೆಳಗೆ ಕುಂಬಳ, ಮೇಲೆ ಪೆಕಾನ್.

ನನಗೆ ಒಳಗೊಳಗೇ ನಗು ಬಂದಿತು. ನಾನು ಮೈಸೂರಿನವಳು, ಧಾರವಾಡದ ಮನೆತನಕ್ಕೆ ಸೇರಿ ಪುಣೆಯಲ್ಲಿ ಬಾಳಿದವಳು. ಕಾಯಿ ಒಬ್ಬಟ್ಟೋ ಕಡಲೆಬೇಳೆ ಹೋಳಿಗೆಯೋ ಎಂದು ಮೊದಲನೆಯ ಯುಗಾದಿಗೆ ನಮ್ಮ ಮನೆಯಲ್ಲಿ ನಡೆದ ವಾದವನ್ನು ಯಾರಿಗೆ ಹೇಳಲಿ!

ಹಬ್ಬದ ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ಬಾಯಾರಿಕೆಯಾಗಿ ಎದ್ದೆ. ಅಡಿಗೆಮನೆಯಲ್ಲಿ ದೀಪವಿತ್ತು. ಮೇಜಿನ ಮೇಲೆ ದೊಡ್ಡ ಪೈ ಸಿದ್ಧವಾಗಿ ಕೂತಿತ್ತು. ಪಕ್ಕದಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿದ್ದ ಹೊಸ ತಟ್ಟೆ; ಅದರೊಳಗೆ ಗೊಜ್ಜಿನಂಥ ಕುಂಬಳ, ಅದರಲ್ಲಿ ಮುಳುಗಿಹೋದ ಪೆಕಾನ್. ಸೊಸೆ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಇದು ನಿಮಗೆ, ಅಮ್ಮ. ಮೊಟ್ಟೆ ಹಾಕಿಲ್ಲ. ತಟ್ಟೆಯೂ ಹೊಸದು” ಎಂದಳು ತನ್ನ ಭಾಷೆಯಲ್ಲಿ. “ಎರಡು ಸಲ ಮಾಡಿದೆ. ಎರಡು ಸಲವೂ ಗಟ್ಟಿಯಾಗಲಿಲ್ಲ.”

ನಾನು ಮೊಟ್ಟೆ ತಿನ್ನುವುದಿಲ್ಲವೆಂದು ಅವಳಿಗೆ ಎಂದೂ ಹೇಳಿರಲಿಲ್ಲ. ಮಗ ಹೇಳಿದ್ದಿರಬೇಕು. ನಾನು ಒಂದು ಗಳಿಗೆ ಸುಮ್ಮನೆ ನಿಂತೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು, “ಬಾಣಲೆ ಎಲ್ಲಿದೆ?” ಎಂದೆ.

ಎರಡು ಹೂರಣವನ್ನೂ ಹಿಡಿದು ಗಟ್ಟಿ ಮಾಡುವುದು ಮೊಟ್ಟೆಯ ಕೆಲಸ. ಅದಿಲ್ಲದಿದ್ದರೆ ನೀರನ್ನು ಮೊದಲೇ ಇಂಗಿಸಬೇಕು. ಇದು ಒಬ್ಬಟ್ಟು ಮಾಡುವ ಯಾವ ಹೆಂಗಸಿಗೂ ಗೊತ್ತಿರುವ ವಿದ್ಯೆ. ಎರಡು ಬಟ್ಟಲು ಬೆಂದ ಕುಂಬಳಕ್ಕೆ ಅರ್ಧ ಬಟ್ಟಲು ಕಂದು ಸಕ್ಕರೆ ಹಾಕಿ, ತಳ ಬಿಡುವ ತನಕ ಕೈಯಾಡಿಸಿದೆ. ಅರ್ಧ ಬಟ್ಟಲು ಹಾಲಿನಲ್ಲಿ ಎರಡು ಚಮಚ ಕಾರ್ನ್‌ಫ್ಲೋರ್ ಕದಡಿ ಸೇರಿಸಿ ಮತ್ತೊಮ್ಮೆ ಗಟ್ಟಿ ಮಾಡಿದೆ. ಸೊಸೆ ದಾಲ್ಚಿನ್ನಿ, ಶುಂಠಿ, ಲವಂಗ, ಜಾಯಿಕಾಯಿಗಳ ಪುಡಿಯನ್ನು ಹಾಕಿದಳು. ನೋಡಿ, ಆ ಸಂಬಾರವೆಲ್ಲ ನಮ್ಮ ಸಮುದ್ರಗಳ ಕಡೆಯದು. ಕೊಲಂಬಸ್ 1492ರಲ್ಲಿ ಹೊರಟದ್ದೂ ಈ ಕಡೆಯ ಸಂಬಾರಕ್ಕಾಗಿಯೇ. ನಾವು ನಮ್ಮದೆಂದುಕೊಂಡಿರುವ ಸಿಹಿಗುಂಬಳವಾದರೋ ಅವರ ನೆಲದಿಂದ ಆಮೇಲೆ ಇಲ್ಲಿಗೆ ಬಂದದ್ದು.

ಕಣಕ ಅವಳ ವಿದ್ಯೆ. ಮೈದಾಕ್ಕೆ ತಣ್ಣನೆಯ ಬೆಣ್ಣೆಯನ್ನು ಚೂರು ಮಾಡಿ ಹಾಕಿ, ಮಂಜುನೀರು ಚಿಮುಕಿಸಿ, ನಾದದೆ ಒತ್ತಿಟ್ಟಳು. ನಾನು ನಾದಹೋದರೆ ಕೈ ಹಿಡಿದಳು. ನಾದಿದರೆ ಬಿರುಸಾಗುತ್ತದಂತೆ, ಬೆಣ್ಣೆಯ ಚೂರು ಹಾಗೇ ಉಳಿದರೆ ಬೆಂದಾಗ ಪದರ ಬಿಡುತ್ತದಂತೆ. ಅದನ್ನು ಅರ್ಧ ಗಂಟೆ ತಣ್ಣಗಿಟ್ಟು, ಲಟ್ಟಿಸಿ, ತಟ್ಟೆಗೆ ಹಾಸಿ, ಒಲೆಯಲ್ಲಿ ಸ್ವಲ್ಪ ಬೇಯಿಸಿ, ಕುಂಬಳ ತುಂಬಿ ಮತ್ತೆ ಅರ್ಧ ಗಂಟೆ ಇಟ್ಟೆವು. ಕುಂಬಳದ ಮೇಲ್ಮೈ ಹೆಪ್ಪುಗಟ್ಟಿದ ಮೇಲೆಯೇ ಪೆಕಾನ್ ಹಾಕಬೇಕು, ಅವಸರಪಟ್ಟರೆ ಮುಳುಗುತ್ತದೆ.

ಮೇಲಿನ ಹೂರಣಕ್ಕೆ ಅರ್ಧ ಬಟ್ಟಲು ಕಂದು ಸಕ್ಕರೆ, ನಾಲ್ಕು ಚಮಚ ಬೆಣ್ಣೆ, ಕಾಲು ಬಟ್ಟಲು ಕೆನೆ ಸೇರಿಸಿ ಪಾಕ ಮಾಡಿದೆ. ತಣ್ಣೀರಿಗೆ ಒಂದು ಹನಿ ಬಿಟ್ಟರೆ ಮೆತ್ತಗೆ ಉಂಡೆ ಕಟ್ಟಬೇಕು. ಅವಳು ಯಂತ್ರದಿಂದ ಶಾಖ ಅಳೆಯುವವಳು. ನೀರಿನಲ್ಲಿ ಬೆರಳಾಡಿಸಿ ನೋಡಿ ಮಗುವಿನಂತೆ ನಕ್ಕಳು. ಒಂದು ಬಟ್ಟಲು ಪೆಕಾನ್ ಬೆರೆಸಿ ಮೇಲೆ ಹರಡಿ, ಹತ್ತು ನಿಮಿಷ ಒಲೆಗಿಟ್ಟು ತೆಗೆದೆವು. ಆಗ ರಾತ್ರಿ ಎರಡು ಗಂಟೆ. ಬೆಳಗಿನವರೆಗೆ ಆರಲು ಬಿಟ್ಟೆವು.

ಮರುದಿನ ಬೀಗರ ಮನೆಯವರೆಲ್ಲ ಬಂದರು. ಮೇಜಿನ ಒಂದು ತುದಿಗೆ ಟರ್ಕಿ ಕೋಳಿ ಬಂದಿತು. ಮಗ ಮೆಲ್ಲಗೆ, “ಅಮ್ಮ, ನಿನಗೆ ಕಷ್ಟವಾದರೆ ಒಳಗೆ ಬಡಿಸುತ್ತೇನೆ” ಎಂದ. “ಬೇಡ, ಇಲ್ಲೇ ಕೂರುತ್ತೇನೆ” ಎಂದು ಇನ್ನೊಂದು ತುದಿಯಲ್ಲಿ ಕುಳಿತೆ. ಊಟಕ್ಕೆ ಮೊದಲು ಪ್ರತಿಯೊಬ್ಬರೂ ತಾವು ಯಾವುದಕ್ಕೆ ಕೃತಜ್ಞರೆಂದು ಹೇಳುವುದು ಅವರ ಮನೆಯ ಪದ್ಧತಿ. ನನ್ನ ಸರದಿ ಬಂದಾಗ ಇಂಗ್ಲಿಷ್ ತೋಚಲಿಲ್ಲ. ಕನ್ನಡದಲ್ಲಿ, “ಮದುವೆಗೆ ಬರಬೇಕಾಗಿತ್ತು, ಬರಲಿಲ್ಲ. ಈಗ ಬಂದಿದ್ದೇನೆ” ಎಂದೆ. ಮಗ ಅದನ್ನು ಅವರಿಗೆ ತಿಳಿಸಿ ಹೇಳಲು ಸ್ವಲ್ಪ ಹೊತ್ತು ಹಿಡಿಯಿತು. ಬೀಗಿತಿ ಎದ್ದು ಬಂದು ನನ್ನ ಕೈ ಹಿಡಿದುಕೊಂಡರು.

ಪೈ ಕತ್ತರಿಸಿದಾಗ ಕೆಳಗೆ ಕೆಂಪು ಕುಂಬಳ, ಮೇಲೆ ಪೆಕಾನ್, ಎರಡೂ ಬೇರೆಬೇರೆಯಾಗಿ ನಿಂತಿದ್ದವು. ಬೀಗರು ದೊಡ್ಡ ಪೈಯನ್ನು ಬಿಟ್ಟು ನನ್ನದರಲ್ಲೇ ಪಾಲು ಕೇಳಿದರು. ಮೇಲಿನ ಭಾಗ ಚೆನ್ನಾಗಿದೆ ಎಂದರು ಅವರು. ಕೆಳಗಿನದು ಎಂದರು ಬೀಗಿತಿ. ಜಗಳ ಮುಗಿಯಲಿಲ್ಲ.

ಪುಣೆಗೆ ಮರಳಿದ ಮೇಲೆ ಅಕ್ರೋಟು ಹಾಕಿ ಮಾಡಿ ನೋಡಿದೆ. ಕೊಂಚ ಒಗರು, ಆದರೂ ಅಡ್ಡಿಯಿಲ್ಲ. ಯುಗಾದಿಯ ದಿನ ಸೊಸೆಯ ಫೋನು ಬಂದಿತು.

“ಅಮ್ಮ, ಹೂರಣ ತಳ ಬಿಟ್ಟಿತು” ಎಂದಳು. ಕನ್ನಡದಲ್ಲೇ.

“ಯಾವ ಹೂರಣ? ಕಾಯಿಯೋ, ಬೇಳೆಯೋ?” ಎಂದೆ.

“ಎರಡೂ” ಎಂದಳು.