ತೆರೆಯ ಪಾಠ, ಹೊಸ್ತಿಲಿನ ಪಾಠ

ಸಮಾಜಕಾರ್ಯವು ಪುಸ್ತಕದಲ್ಲಿ ಮೊದಲಾಗಿ ಮನುಷ್ಯನ ಮನೆಯ ಹೊಸ್ತಿಲಲ್ಲಿ ಪರೀಕ್ಷೆಗೆ ಒಳಗಾಗುವ ವಿದ್ಯೆ. ಭಾರತದಲ್ಲಿ ಇದರ ವ್ಯವಸ್ಥಿತ ಶಿಕ್ಷಣವು 1936ರಲ್ಲಿ ಮುಂಬಯಿಯಲ್ಲಿ, ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಶಾಲೆಯಲ್ಲಿ ಆರಂಭವಾಯಿತು. ನಮ್ಮ ಕರಾವಳಿಗೆ ಅದನ್ನು ತಂದದ್ದು 1960ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ರೋಶನಿ ನಿಲಯ. ಅಂದಿನಿಂದ ಪಠ್ಯಗಳು ಎಷ್ಟೋ ಬಾರಿ ಬದಲಾದರೂ, ಕೆಲವು ದಿನ ತರಗತಿ, ಕೆಲವು ದಿನ ಕ್ಷೇತ್ರಕಾರ್ಯ ಎಂಬ ಕ್ರಮ ಮಾತ್ರ ಉಳಿದುಬಂದಿತ್ತು. 2020ರ ಮಾರ್ಚ್ ಕೊನೆಯ ವಾರದಲ್ಲಿ ಸಾಂಕ್ರಾಮಿಕದ ಕಾರಣ ದೇಶವೇ ಬಾಗಿಲು ಮುಚ್ಚಿದಾಗ, ಆ ಕ್ರಮವೂ ನಿಂತಿತು. ವಿದ್ಯೆಯು ಕೈಯಲ್ಲಿ ಹಿಡಿಯುವ ಫೋನಿನ ತೆರೆಯೊಳಗೆ ಸೇರಿತು.

ಶ್ರೀಮಠದ ಶಾಲೆಯಲ್ಲಿ ಅಕ್ಷರ ಕಲಿತು, ಉಡುಪಿಯ ನೆಲದಲ್ಲಿ ಸಮಾಜಕಾರ್ಯದ ಪಾಠ ಹೇಳುತ್ತ ಬಂದಿರುವ ನಾನು ಆ ದಿನಗಳ ಅನುಭವವನ್ನು ಇಲ್ಲಿ ನಿವೇದಿಸಬಯಸುತ್ತೇನೆ. ಆನ್‌ಲೈನ್ ಶಿಕ್ಷಣವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅದರ ಉಪಕಾರ ದೊಡ್ಡದು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 1985ರಲ್ಲಿ ಸ್ಥಾಪನೆಯಾದಾಗಲೇ ದೂರಶಿಕ್ಷಣದ ಹಾದಿ ಅಗಲವಾಗಿತ್ತು. 2017ರಲ್ಲಿ ಬಂದ ‘ಸ್ವಯಂ’ ವೇದಿಕೆ, 2018ರಲ್ಲಿ ಆರಂಭವಾದ ಬೆಂಗಳೂರಿನ ನಿಮ್ಹಾನ್ಸ್‌ನ ಡಿಜಿಟಲ್ ಅಕಾಡೆಮಿ ಆ ಹಾದಿಯನ್ನು ಇನ್ನಷ್ಟು ಮುಂದಕ್ಕೆ ಒಯ್ದವು. ನೂರಾರು ಮೈಲಿ ದೂರದ ತಜ್ಞರ ಮಾತನ್ನು ಕಾರ್ಕಳದ ಹುಡುಗಿಯೊಬ್ಬಳು ಮನೆಯ ಜಗಲಿಯಲ್ಲಿ ಕುಳಿತು ಕೇಳುವುದು ಸಾಮಾನ್ಯ ಭಾಗ್ಯವಲ್ಲ. ತರಗತಿಯಲ್ಲಿ ಎಂದೂ ಬಾಯಿ ತೆರೆಯದ ಕೆಲವರು ಬರಹದ ಚರ್ಚೆಯಲ್ಲಿ ಸೊಗಸಾಗಿ ವಾದಿಸಿದ್ದನ್ನೂ ನಾನು ಕಂಡೆ.

ಆದರೆ ತೆರೆಯು ಎಲ್ಲರಿಗೂ ಸಮನಾಗಿ ತೆರೆಯಲಿಲ್ಲ. ಮಣಿಪಾಲದ ವಿದ್ಯಾರ್ಥಿಗೆ ಕೋಣೆಯಲ್ಲೇ ಸಿಕ್ಕಿದ ಪಾಠಕ್ಕಾಗಿ, ಘಟ್ಟದ ತಪ್ಪಲಿನ ಮಾಳದ ಕಡೆಯ ವಿದ್ಯಾರ್ಥಿ ಸಂಕೇತ ಹುಡುಕುತ್ತ ಗುಡ್ಡ ಹತ್ತಬೇಕಾಯಿತು. ಮಳೆಗಾಲದಲ್ಲಿ ವಿದ್ಯುತ್ತು ಹೋದರೆ ಪಾಠವೂ ಹೋಯಿತು. ಇದು ಕಂಬ, ತಂತಿಗಳಿಂದ ಪರಿಹಾರವಾಗಬಲ್ಲ ಕೊರತೆ. ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು.

ಒಬ್ಬ ವಿದ್ಯಾರ್ಥಿನಿ ಕಾಪು ಸಮೀಪದ ಬೀಡಿ ಕಟ್ಟುವ ಮಹಿಳೆಯೊಬ್ಬರೊಡನೆ ಫೋನಿನಲ್ಲಿಯೇ ಕ್ಷೇತ್ರಕಾರ್ಯ ನಡೆಸುತ್ತಿದ್ದಳು. ಮೂರು ಸಂದರ್ಶನಗಳ ವರದಿಯಲ್ಲೂ ಒಂದೇ ಸಾರಾಂಶ: ಮನೆಯಲ್ಲಿ ತೊಂದರೆಯಿಲ್ಲ, ಸಂಪಾದನೆ ಕಡಿಮೆ. ವರದಿ ಅಚ್ಚುಕಟ್ಟಾಗಿತ್ತು. ನಿರ್ಬಂಧ ಸಡಿಲಾದ ಮೇಲೆ ಅವಳು ಆ ಮನೆಗೆ ಹೋದಳು. ಮನೆಯಲ್ಲಿದ್ದದ್ದು ಒಂದೇ ಫೋನು, ಅದು ಗಂಡನದು. ಮಾತು ಮುಗಿಯುವವರೆಗೂ ಅವನು ಪಕ್ಕದಲ್ಲೇ ಕುಳಿತಿರುತ್ತಿದ್ದನಂತೆ. ಅವನು ಪೇಟೆಗೆ ಹೋದ ಹೊತ್ತಿನಲ್ಲಿ, ಎಲೆ ಕತ್ತರಿಸುತ್ತ, ತಲೆಯೆತ್ತದೆ, ಆಕೆ ತುಳುವಿನಲ್ಲಿ ಹೇಳಿದ್ದೇ ಬೇರೆ. ಕುಡಿತ, ಹೊಡೆತ, ಅಡವಿಟ್ಟ ಕರಿಮಣಿ ಒಂದೊಂದಾಗಿ ಹೊರಬಂದವು. ಆಕೆಯ ಕೈಯ ಬಾವು ಯಾವ ತೆರೆಯಲ್ಲೂ ಕಂಡಿರಲಿಲ್ಲ. ಮೂರು ಸಲ ಕೇಳಿದ ಪ್ರಶ್ನೆಗೆ ನಾಲ್ಕನೆಯ ಸಲ ಉತ್ತರ ದೊರೆತದ್ದು, ಪ್ರಶ್ನೆ ಕೇಳಿದವಳು ಅಂಗಳ ದಾಟಿ ಬಂದು ನೆಲದ ಮೇಲೆ ಕುಳಿತದ್ದರಿಂದ.

ಈ ಜಿಲ್ಲೆಗೆ ಇದು ಹೊಸ ತಿಳಿವಳಿಕೆಯೇನಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಬಡವರ ಅಂಗಳಕ್ಕೆ ತನ್ನ ಪ್ರತಿನಿಧಿಯನ್ನು ದಿನವೂ ಕಳುಹಿಸಿತು. ದಿನಕ್ಕೆ ಎರಡಾಣೆ ಪಡೆಯಲು ಬಂದವನಿಗೆ ಯಾರ ಮನೆಯ ಒಲೆ ಹೊತ್ತಿಲ್ಲವೆಂಬುದೂ ತಿಳಿದೀತು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ನಮ್ಮ ವಿದ್ಯಾರ್ಥಿಗಳು ಮನೆ ಮನೆಗೆ ಹೋಗುವುದು ನಿಂತದ್ದೂ ಅದೇ ದಿನಗಳಲ್ಲಿ ಎಂಬುದು ನನ್ನ ಮನಸ್ಸಿನಲ್ಲಿ ಉಳಿದಿದೆ.

ಕೊರಗ ಸಮುದಾಯದ ಕೇರಿಗಳ ವಿಷಯದಲ್ಲಂತೂ ಈ ಮಾತು ಇನ್ನಷ್ಟು ಸತ್ಯ. ಅವರನ್ನು ಅವಮಾನಿಸುತ್ತಿದ್ದ ಅಜಲು ಪದ್ಧತಿಯನ್ನು 2000ದ ಕಾಯಿದೆ ನಿಷೇಧಿಸಿತು. ಆ ಕಾಯಿದೆಯ ವಿಧಿಗಳನ್ನು ತೆರೆಯ ಮೇಲೆ ಒಂದು ಗಂಟೆಯಲ್ಲಿ ಕಲಿಸಬಹುದು. ಅವರು ಕೊಟ್ಟ ನೀರನ್ನು ಹಿಂಜರಿಯದೆ ಕುಡಿಯುವುದನ್ನು ಕಲಿಯಲು ಕೇರಿಗೇ ಹೋಗಬೇಕು. ಶಿಕ್ಷಣದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ಅಂಕ ಪಡೆಯುವವನು ವಿದ್ಯಾರ್ಥಿ, ಅಂಕ ಕೊಡುವವರು ಕೇರಿಯವರು.

ಆದುದರಿಂದ ಸಿದ್ಧಾಂತದ ಪಾಠ, ತಜ್ಞರ ಉಪನ್ಯಾಸ, ದೂರದೂರಿನ ವಿದ್ಯಾರ್ಥಿಯ ವರದಿಯನ್ನು ಗುರು ತಿದ್ದುವ ಸಮಾಲೋಚನೆ, ಇವೆಲ್ಲ ಆನ್‌ಲೈನಿನಲ್ಲಿ ಮುಂದುವರಿಯಲಿ. ಹೀಗೆ ಉಳಿದ ವೇಳೆಯನ್ನೂ ಹಣವನ್ನೂ ಕ್ಷೇತ್ರಕಾರ್ಯಕ್ಕೆ ಸೇರಿಸಬೇಕು. ಅದನ್ನು ಮೊಟಕುಗೊಳಿಸುವ ನೆಪವಾಗಿ ತೆರೆಯನ್ನು ಬಳಸಬಾರದು. ವಿದ್ಯಾಸಂಸ್ಥೆಗಳಿಗೆ ಯಂತ್ರಗಳನ್ನು ಕೊಡುವ ದಾನಿಗಳು, ಬಡ ವಿದ್ಯಾರ್ಥಿ ಕೇರಿಗೆ ಹೋಗಿಬರುವ ಬಸ್ಸಿನ ವೆಚ್ಚವನ್ನೂ ನೆನೆಯಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ. ಯಂತ್ರದ ಮೇಲೆ ದಾನಿಯ ಹೆಸರನ್ನು ಬರೆಯಬಹುದು, ಬಸ್ಸಿನ ಚೀಟಿಯ ಮೇಲೆ ಬರೆಯಲಾಗದು. ಆದರೂ ಕೊಟ್ಟವರ ಹೆಸರು ಕಾಣದ ದಾನವೇ ದಾಸೋಹಕ್ಕೆ ಹೆಚ್ಚು ಸಮೀಪವೆಂದು ಈ ಪರಂಪರೆಯಲ್ಲಿ ಬೆಳೆದ ನಮಗೆ ಯಾರೂ ಹೇಳಬೇಕಾಗಿಲ್ಲ. ಕಾಯಕವನ್ನು ಕೈಯಿಂದಲೇ ಮಾಡಬೇಕು. ನೊಂದವರ ಬಳಿಗೆ ಕಾಲಿನಿಂದಲೇ ಹೋಗಬೇಕು.