ನಾಲ್ಕು ಹೆಜ್ಜೆ

ಧನುರ್ಮಾಸದ ಬೆಳಗ್ಗೆ ಐದೂವರೆ. ಟಿ. ದಾಸರಹಳ್ಳಿಯ ನಮ್ಮ ಬೀದಿಯಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ತುಮಕೂರು ರಸ್ತೆ ಕಡೆಯಿಂದ ಲಾರಿಗಳ ಸದ್ದು. ದೇವಸ್ಥಾನಕ್ಕೆ ಹೊರಟಿದ್ದ ನಾನು, ಒಂದು ಮನೆಯವರು ಗಾಡಿ ಹತ್ತಿಸಲು ಬೀದಿಗೆ ಇಳಿಸಿದ್ದ ನುಣುಪು ಗ್ರಾನೈಟಿನ ಮೇಲೆ ಕಾಲಿಟ್ಟೆ. ಚಪ್ಪಲಿ ಜಾರಿತು. ಬಲಪಾದ ಒಳಕ್ಕೆ ಮಡಚಿ, ಹೊರಗಡೆಯ ಹರಡಿನ ಕೆಳಗೆ ಚಳಕ್ ಎಂದಿತು.

ನೋವಿಗಿಂತ ಮೊದಲು ಬಂದದ್ದು ನಾಚಿಕೆ. ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸಿದೆ. ರಂಗೋಲಿ ಬಿಡುತ್ತಿದ್ದ ಆ ಮನೆಯಾಕೆ "ಏನಾಯ್ತಕ್ಕಾ?" ಎಂದು ಓಡಿ ಬಂದರೆ "ಏನೂ ಇಲ್ಲಮ್ಮ" ಎಂದು ಎದ್ದು ನಡೆದೇ ಬಿಟ್ಟೆ. ಗುಡಿಗೆ ಹೋದೆ, ಬಂದು ಅಡುಗೆಯನ್ನೂ ಮಾಡಿದೆ. ಮಧ್ಯಾಹ್ನಕ್ಕೆ ಹರಡು ಬಾತು ನೀಲಿಗಟ್ಟಿತ್ತು. ಅತ್ತೆ ಹುಣಸೆಹಣ್ಣು, ಉಪ್ಪು ಕಲಸಿ ಬಿಸಿ ಮಾಡಿ ಪಟ್ಟು ಹಾಕಲು ಕೂತರು. ಮಗ ಅದನ್ನು ತಡೆದು ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರು ಹರಡಿನ ಮೂಳೆಯ ಹಿಂಬದಿಯನ್ನು ಹೆಬ್ಬೆರಳಲ್ಲಿ ಒತ್ತುತ್ತಾ ಮೇಲಕ್ಕೆ ಹೋದರು. ಆಮೇಲೆ, "ನಾಲ್ಕು ಹೆಜ್ಜೆ ನಡೀರಿ ನೋಡೋಣ" ಎಂದರು. ಕುಂಟುತ್ತಾ ನಡೆದೆ. ಮೂಳೆ ಒತ್ತಿದರೆ ನೋವಿಲ್ಲ, ನಾಲ್ಕು ಹೆಜ್ಜೆ ಭಾರ ಹೊರುತ್ತೆ, ಹಾಗಾಗಿ ಎಕ್ಸ್‌ರೇ ಬೇಡ; ಲಿಗಮೆಂಟ್ ಹಿಗ್ಗಿದೆ ಎಂದರು. 1992ರಲ್ಲಿ ಕೆನಡಾದ ಒಟ್ಟಾವದಲ್ಲಿ ಇಯಾನ್ ಸ್ಟೀಲ್ ಎಂಬ ವೈದ್ಯರು ಮತ್ತು ಅವರ ಜೊತೆಗಾರರು ರೂಪಿಸಿದ ಪರೀಕ್ಷೆಯಂತೆ ಅದು. ಚಳಿಗಾಲದಲ್ಲಿ ಮಂಜುಗಟ್ಟುವ ಊರಿನ ಪರೀಕ್ಷೆ ನನ್ನ ಕಾಲಿಗೂ ಸರಿಹೊಂದಿತು.

ಟೊರಾಂಟೊದಲ್ಲಿರುವ ಅಕ್ಕನ ಮಗಳು ಫೋನಿನಲ್ಲಿ ಹೇಳಿದಳು: "ಇಲ್ಲಿ ಐಸ್ ಕಣ್ಣಿಗೇ ಕಾಣಲ್ಲ ಚಿಕ್ಕಮ್ಮಾ, ಒದ್ದೆ ರಸ್ತೆ ಅಂದ್ಕೊಂಡು ಕಾಲಿಟ್ರೆ ಬಿದ್ದೆ ಅಂತಲೇ ಲೆಕ್ಕ. ಅದಕ್ಕೇ ಬಾಗಿಲ ಮುಂದೆ ಉಪ್ಪು ಹರಡ್ತೀವಿ. ಯಾರಾದ್ರೂ ಬಿದ್ರೆ ಅಲ್ಲಿ ಜಾರುತ್ತೆ ಅಂತ ಹಿಂದೆ ಬರೋರಿಗೆ ಕೂಗಿ ಹೇಳ್ತಾರೆ."

ಆ ಮಾತು ಮನಸ್ಸಿನಲ್ಲಿ ನಿಂತಿತು. ನಾನು ಕೂಗಿ ಹೇಳಲಿಲ್ಲ. ಬಿದ್ದದ್ದನ್ನು ಮುಚ್ಚಿಟ್ಟೆ, ಕಲ್ಲು ಅಲ್ಲಿ ಹಾಗೇ ಇತ್ತು. ಅದೇ ಬೀದಿಯಲ್ಲಿ ಹಾಲು ತರುವ ಅಜ್ಜಂದಿರು ಓಡಾಡುತ್ತಾರೆ, ಪೀಣ್ಯದ ಮೊದಲ ಪಾಳಿಗೆ ಹೆಣ್ಣುಮಕ್ಕಳು ಮೆಟ್ರೊ ಹಿಡಿಯಲು ಓಡುತ್ತಾರೆ. ಉಳುಕು ಎಂದರೆ ಸಣ್ಣದು ಎಂದುಕೊಳ್ಳುತ್ತೇವೆ. ದಿನಗೂಲಿಯವರಿಗೆ ಮೂರು ವಾರ ಕಾಲು ಊರಲಾಗದಿದ್ದರೆ ಅದು ಮನೆಯ ಒಲೆಯ ಪ್ರಶ್ನೆ.

ಮೊದಲ ಎರಡು ದಿನ ಐಸ್ ಇಟ್ಟು, ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟೆ. ನೋವು ಇಳಿದ ಮೇಲೆ ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸ. ಒಮ್ಮೆ ಉಳುಕಿದ ಹರಡು ಮತ್ತೆ ಉಳುಕದಂತೆ ಕಾಯುವುದು ಇದೇ ಎಂದಿದ್ದರು ಡಾಕ್ಟರು.

ಸಂಕ್ರಾಂತಿಗೆ ಎಳ್ಳು ಬೀರಲು ಆ ಮನೆಗೆ ಹೋದಾಗ ನಡೆದದ್ದೆಲ್ಲ ಹೇಳಿದೆ. "ಅವತ್ತೇ ಹೇಳಬಾರದಿತ್ತೇನಕ್ಕಾ?" ಎಂದು ಆಕೆ ಕಣ್ಣು ತುಂಬಿಕೊಂಡಳು. ಮಾರನೆಯ ಬೆಳಗ್ಗೆ ಹೋಗಿ ನೋಡಿದರೆ ಗ್ರಾನೈಟಿನ ಮೇಲೆ ಗೋಣಿಚೀಲ ಹಾಸಿತ್ತು, ನಾಲ್ಕು ಮೂಲೆಗೂ ಇಟ್ಟಿಗೆ ಇಟ್ಟು.